ಒಡವೆಯಲ್ಲಿ ಸೇರಿರುವ ಹಳೆಯ ಚಿನ್ನದ ನಾಣ್ಯಗಳು

(ನಮ್ಮ ಉಚಿತ ವಾಚನಾಲಯದ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ಠಾಣೆಯಿಂದ ಡೊಂಬಿವಲಿ, ಕಲ್ಯಾಣದವರೆಗೆ, ಇತ್ತ ಐರೋಳಿ, ವಾಶಿಗಳವರೆಗೆ ನೆಲೆಸಿರುವ ನಮ್ಮ ಜನರಲ್ಲಿ ಬಹುಮಂದಿ ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದವರು. ಬರುವಾಗ ಹೊಲಮನೆಗಳನ್ನು ಹೊತ್ತು ತರಲಿಕ್ಕಾಗುವುದಿಲ್ಲ. ತಂದದ್ದೇನಿದ್ದರೂ ಮನೆಯ ಹೆಣ್ಣುಮಕ್ಕಳ ಮೈಮೇಲಿನ ನಾಲ್ಕು ಒಡವೆ. ಧಾರವಾಡ, ಬೆಳಗಾವಿ, ವಿಜಯಪುರದ ಕಡೆಯವರಲ್ಲಿ ಪುತಳಿ ಸರ; ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡಿನ ಕಡೆಯವರಲ್ಲಿ ಪವನಿನ ಸರ; ಮೈಸೂರು ಸೀಮೆಯವರಲ್ಲಿ ಕಾಸಿನ ಸರ. ಹೆಸರು ಬೇರೆಯಾದರೂ ಇವೆಲ್ಲವುಗಳ ಮೂಲ ಒಂದೇ. ನಾಣ್ಯಕ್ಕೆ ಕೊಂಡಿ ಹಾಕಿ ದಾರಕ್ಕೆ ಪೋಣಿಸಿದರೆ ಸರವಾಯಿತು. ಕಷ್ಟ ಬಂದಾಗ ದಾರ ಬಿಚ್ಚಿದರೆ ಮತ್ತೆ ನಾಣ್ಯವಾಯಿತು. ಬ್ಯಾಂಕುಗಳಿಲ್ಲದ ಕಾಲದಲ್ಲಿ ನಮ್ಮ ಅಜ್ಜಿಯರು ಇಟ್ಟಿದ್ದ ಉಳಿತಾಯದ ಖಾತೆ ಇದು.

ಕಷ್ಟ ಬಂದಾಗ ಮೊದಲು ಮನೆ ಬಿಡುವುದೂ ಚಿನ್ನವೇ. ೧೯೮೨ನೆಯ ಇಸವಿ ಜನವರಿ ೧೮ರಂದು ಮುಂಬಯಿಯ ಗಿರಣಿಗಳ ಮುಷ್ಕರ ಆರಂಭವಾದ ಮೇಲೆ ಎಷ್ಟು ಮನೆಗಳ ಕೊರಳು ಬರಿದಾದುವೆಂಬುದನ್ನು ಇಲ್ಲಿ ಕುಳಿತಿರುವ ಹಿರಿಯರು ಬಲ್ಲರು. ಈಗಲೂ ಖೋಲಿಯ ಮುಂಗಡಕ್ಕೆ, ಮಗನ ಕಾಲೇಜಿನ ಶುಲ್ಕಕ್ಕೆ, ಆಸ್ಪತ್ರೆಯ ಬಿಲ್ಲಿಗೆ ಸರವೇ ಅಂಗಡಿಗೆ ಹೋಗುತ್ತದೆ. ಅಂಗಡಿಯಲ್ಲಿ ತೂಕ ನೋಡುತ್ತಾರೆ, ಒರೆ ಹಚ್ಚುತ್ತಾರೆ, ಮೂಸೆಗೆ ಹಾಕುತ್ತಾರೆ. ಅರ್ಧ ಗಂಟೆಯಲ್ಲಿ ನಾಲ್ಕು ತಲೆಮಾರಿನ ವಸ್ತು ಒಂದು ಗಟ್ಟಿಯಾಗಿರುತ್ತದೆ. ಮಾರುವುದು ತಪ್ಪೆಂದು ಹೇಳಲು ನಾವು ಇಲ್ಲಿ ನಿಂತಿಲ್ಲ. ಚಿನ್ನ ಇರುವುದೇ ಅಂಥ ದಿನಕ್ಕೆ. ಆದರೆ ಏನನ್ನು ಮಾರುತ್ತಿದ್ದೇವೆಂದು ತಿಳಿಯದೆ ಮಾರಬಾರದು. ತಿಳಿದುಕೊಳ್ಳುವ ತನಕ ಕರಗಿಸಲು ಬಿಡಬಾರದು. ಈ ದಿನ ನಾವು ಹೇಳಬೇಕೆಂದಿರುವುದು ಇಷ್ಟೇ. ಕರಗಿದ ಮೇಲೆ ಯಾವ ಪಂಡಿತನೂ ಅದನ್ನು ಓದಲಾರ.

ಮೊದಲಿಗೆ ಒಂದು ಕಹಿ ಮಾತು. ಸರದಲ್ಲಿರುವ ಎಲ್ಲ ದುಂಡು ಬಿಲ್ಲೆಗಳೂ ನಾಣ್ಯಗಳಲ್ಲ. ಹೆಚ್ಚಿನವು ಅಕ್ಕಸಾಲಿಗಳು ಅಚ್ಚಿನಲ್ಲಿ ಒತ್ತಿದ ತೆಳು ತಗಡುಗಳು. ಲಕ್ಷ್ಮಿಯ ಚಿತ್ರವಿರುವ ಕಾಸಿನ ಸರಗಳೆಲ್ಲ ಬಹುಮಟ್ಟಿಗೆ ಇಂಥವೇ. ಅಚ್ಚಿನ ಬಿಲ್ಲೆಯ ಹಿಂಬದಿಯಲ್ಲಿ ಮುಂಬದಿಯ ಚಿತ್ರವೇ ತಗ್ಗಾಗಿ ಕಾಣುತ್ತದೆ, ಇಲ್ಲವೆ ಬರಿದಾಗಿರುತ್ತದೆ. ನಾಣ್ಯಕ್ಕಾದರೋ ಎರಡು ಮುಖ. ಎರಡರಲ್ಲಿಯೂ ಬೇರೆ ಬೇರೆ ಚಿತ್ರ ಅಥವಾ ಬರಹ. ಆದಕಾರಣ ಸರವನ್ನು ಮಗುಚಿ ನೋಡುವುದೇ ಮೊದಲ ಪರೀಕ್ಷೆ. ಇದಕ್ಕೆ ಕಾಸು ಖರ್ಚಿಲ್ಲ.

ಎರಡನೆಯದು ತೂಕ. ಅಕ್ಕಸಾಲೆಯಲ್ಲಿ ಇಂದಿಗೂ ತೊಲ, ಪವನು, ಗುಂಜಿಗಳ ಮಾತು ನಡೆಯುತ್ತದೆ. ಹಳೆಯ ತೊಲವೆಂದರೆ ೧೧.೬೬ ಗ್ರಾಂ, ಅದರ ತೊಂಬತ್ತಾರನೆಯ ಒಂದು ಪಾಲು ಗುಂಜಿ. ಆದರೆ ಈಗಿನ ಮುಂಬಯಿ ಪೇಟೆಯಲ್ಲಿ ತೊಲವೆಂದರೆ ೧೦ ಗ್ರಾಂ ಎಂದೇ ರೂಢಿ. ನಮ್ಮ ಕರಾವಳಿಯವರ ಪವನು ೮ ಗ್ರಾಂ. ಊರಿನ ಹಿರಿಯರು ‘ಐದು ತೊಲದ ಸರ’ ಎಂದು ಬರೆದಿಟ್ಟಿದ್ದರೆ ಯಾವ ತೊಲವೆಂದು ಮೊದಲು ಕೇಳಿಕೊಳ್ಳಬೇಕು. ಐದು ತೊಲದಲ್ಲಿ ಎಂಟು ಗ್ರಾಮಿಗೂ ಮೀರಿದ ವ್ಯತ್ಯಾಸ ಬರುತ್ತದೆ. ಲೆಕ್ಕವೆಲ್ಲ ಗ್ರಾಮಿನಲ್ಲಿಯೇ ಇರಲಿ. ಗ್ರಾಮಿನ ನೂರನೆಯ ಪಾಲನ್ನು ತೋರಿಸುವ ಸಣ್ಣ ತಕ್ಕಡಿಗಳು ಈಗ ಸುಲಭವಾಗಿ ಸಿಗುತ್ತವೆ.

ಇನ್ನು ನಮ್ಮವರ ಸರಗಳಲ್ಲಿ ಕಾಣಿಸಿಕೊಳ್ಳಬಹುದಾದ ನಾಣ್ಯಗಳನ್ನು ಒಂದೊಂದಾಗಿ ನೋಡೋಣ.

ಪುತಳಿಯಿಂದಲೇ ಆರಂಭಿಸೋಣ. ಪುತಳಿಯೆಂದರೆ ಬೊಂಬೆ. ಈ ಬೊಂಬೆ ನಮ್ಮ ದೇವರದಲ್ಲ, ಇಟಲಿ ದೇಶದ ವೆನಿಸ್ ನಗರದ್ದು. ಆ ನಗರರಾಜ್ಯವು ೧೨೮೪ರಲ್ಲಿ ಡುಕಾಟ್ ಎಂಬ ಚಿನ್ನದ ನಾಣ್ಯವನ್ನು ಹೊರಡಿಸಿತು. ೧೭೯೭ರಲ್ಲಿ ರಾಜ್ಯ ಅಳಿಯುವ ತನಕ, ಐನೂರು ವರ್ಷ, ಅದರ ಚಿತ್ರವನ್ನು ಹೆಚ್ಚುಕಡಿಮೆ ಬದಲಾಯಿಸಲಿಲ್ಲ. ಒಂದು ಮುಖದಲ್ಲಿ ಸಂತ ಮಾರ್ಕನು ನಿಂತು ಧ್ವಜವನ್ನು ಕೊಡುತ್ತಿದ್ದಾನೆ. ವೆನಿಸಿನ ಅಧಿಪತಿ ಮಂಡಿಯೂರಿ ಅದನ್ನು ತೆಗೆದುಕೊಳ್ಳುತ್ತಿದ್ದಾನೆ. ಇನ್ನೊಂದು ಮುಖದಲ್ಲಿ ಮೊಟ್ಟೆಯಾಕಾರದ ಚೌಕಟ್ಟು, ಅದರೊಳಗೆ ನಿಂತ ಏಸುಕ್ರಿಸ್ತ, ಸುತ್ತಲೂ ನಕ್ಷತ್ರಗಳು. ತೂಕ ೩.೫ ಗ್ರಾಮಿಗೆ ಕೂದಲೆಳೆಯಷ್ಟು ಕಡಮೆ. ಚಿನ್ನ ಅಪ್ಪಟ, ನೂರಕ್ಕೆ ತೊಂಬತ್ತೊಂಬತ್ತಕ್ಕೂ ಮಿಗಿಲು. ಮೆಣಸು, ಏಲಕ್ಕಿ, ಬಟ್ಟೆಗಳ ಬೆಲೆಯಾಗಿ ಈ ನಾಣ್ಯ ಕೆಂಪು ಸಮುದ್ರದ ದಾರಿಯಿಂದ ಪಶ್ಚಿಮ ಕರಾವಳಿಗೆ ಬಂದಿತು. ಬಂದದ್ದು ಇಲ್ಲಿನ ಕಣ್ಣಿಗೆ ಇಲ್ಲಿನ ಚಿತ್ರವಾಯಿತು. ತೆಂಕಣ ನಾಡಿನಲ್ಲಿ ಕೋಲಿನ ಬಳಿ ಮಂಡಿಯೂರಿದವನನ್ನು ಕಂಡು, ತಾಳೆಮರ ಹತ್ತುವ ಶಾಣಾರನೆಂದು ಬಗೆದು, ‘ಶಾಣಾರ ಕಾಸು’ ಎಂದು ಹೆಸರಿಟ್ಟರು.

ಜನಕ್ಕೆ ಇದರ ಮೇಲೆ ಆಸೆಯಾದುದರಿಂದ ನಮ್ಮ ದೇಶದಲ್ಲಿಯೂ ಇದರ ನಕಲು ಹುಟ್ಟಿತು. ಲ್ಯಾಟಿನ್ ಅಕ್ಷರ ಬಾರದ ಅಕ್ಕಸಾಲಿ ಅಕ್ಷರದ ಬದಲು ಗೆರೆ, ಚುಕ್ಕಿಗಳನ್ನು ಕೆತ್ತಿದ. ಹಾಗಾಗಿ ಗುರುತು ಸುಲಭ. ಭೂತಗನ್ನಡಿಯಲ್ಲಿ ನೋಡಿದಾಗ ಧ್ವಜದ ಕೋಲಿನ ಪಕ್ಕದಲ್ಲಿ ಡಿ, ವಿ, ಎಕ್ಸ್ ಎಂಬ ಮೂರು ಅಕ್ಷರಗಳು ಮೇಲಿಂದ ಕೆಳಕ್ಕೆ ಸ್ಪಷ್ಟವಾಗಿ ಕಂಡು, ಅಂಚಿನ ಬರಹ ಓದುವಂತಿದ್ದು, ತೂಕ ಮೂರೂವರೆ ಗ್ರಾಮಿನ ಆಸುಪಾಸಿನಲ್ಲಿದ್ದರೆ ಅದು ವೆನಿಸಿನದಾಗಿರುವ ಸಂಭವವಿದೆ. ಅಕ್ಷರಗಳು ಕಲಸಿಹೋಗಿದ್ದು, ಬೊಂಬೆಗಳು ಕಡ್ಡಿಯಂತಿದ್ದು, ತೂಕ ಒಂದು ಎರಡು ಗ್ರಾಂ ಮಾತ್ರವಿದ್ದರೆ ಅದು ಇಲ್ಲಿನ ಪುತಳಿ. ಈಗಿನ ಪುತಳಿ ಸರಗಳಲ್ಲಿ ಬಹುಪಾಲು ಇಂಥವೇ.

ಈ ಭೇದ ತಿಳಿಯದಿದ್ದರೆ ಆಗುವ ನಷ್ಟದ ಲೆಕ್ಕ ನೋಡಿ. ಸರದಲ್ಲಿ ಇಪ್ಪತ್ತು ನಿಜವಾದ ವೆನಿಸ್ ನಾಣ್ಯಗಳಿವೆಯೆಂದು ಇಟ್ಟುಕೊಳ್ಳೋಣ. ಅಂಗಡಿಯವರು ವಾಡಿಕೆಯಂತೆ ‘೨೨ ಕ್ಯಾರೆಟ್’ ಎಂದು ಬರೆದರೆ ಒಂದೊಂದರಲ್ಲಿ ೩.೨೦ ಗ್ರಾಂ ಅಪ್ಪಟ ಚಿನ್ನವೆಂದು ಲೆಕ್ಕವಾಗುತ್ತದೆ. ನಿಜವಾಗಿ ಇರುವುದು ೩.೪೫ ಗ್ರಾಮಿಗೆ ಕಡಮೆಯಲ್ಲ. ಒಂದು ನಾಣ್ಯಕ್ಕೆ ಕಾಲು ಗ್ರಾಂ. ಇಪ್ಪತ್ತಕ್ಕೆ ಐದು ಗ್ರಾಂ ಚಿನ್ನ ಮಾತಿನಲ್ಲಿಯೇ ಹೋಯಿತು. ಇದು ಕೇವಲ ಲೋಹದ ಲೆಕ್ಕ; ನಾಣ್ಯದ ಬೆಲೆಯ ಮಾತು ಇನ್ನೂ ಬಂದಿಲ್ಲ.

ಎರಡನೆಯದು ಪವನು, ಎಂದರೆ ಇಂಗ್ಲೆಂಡಿನ ಸಾವರಿನ್. ಇದರ ತೂಕ ೭.೯೮೮ ಗ್ರಾಂ, ಅಡ್ಡಗಲ ೨೨ ಮಿಲಿಮೀಟರ್, ಚಿನ್ನ ೨೨ ಕ್ಯಾರೆಟ್. ಎಂದರೆ ಅಪ್ಪಟ ಚಿನ್ನ ೭.೩೨ ಗ್ರಾಂ. ಒಂದು ಮುಖದಲ್ಲಿ ರಾಣಿಯ ಅಥವಾ ರಾಜನ ತಲೆ; ಇನ್ನೊಂದರಲ್ಲಿ ಕುದುರೆಯೇರಿ ಸರ್ಪವನ್ನು ಕೊಲ್ಲುವ ಸಂತ ಜಾರ್ಜ್, ಕೆಲವು ಹಳೆಯವುಗಳಲ್ಲಿ ಗುರಾಣಿ. ಅಂಚಿನಲ್ಲಿ ಹಲ್ಲುಗಳಂಥ ಗೀರುಗಳಿರುತ್ತವೆ. ಅರ್ಧ ಪವನು ೩.೯೯ ಗ್ರಾಂ. ನಮಗೆ ಹತ್ತಿರದ ಸಂಗತಿಯೊಂದಿದೆ. ಮೊದಲ ಮಹಾಯುದ್ಧದ ಕಾಲದಲ್ಲಿ, ೧೯೧೮ರಲ್ಲಿ, ಇದೇ ಮುಂಬಯಿಯ ಟಂಕಸಾಲೆಯಲ್ಲಿ ಸಾವರಿನ್‌ಗಳನ್ನು ಅಚ್ಚು ಹಾಕಿದರು. ಕುದುರೆಯ ಕೆಳಗಿನ ನೆಲದ ಗೆರೆಯಲ್ಲಿ, ಇಸವಿಯ ಮೇಲ್ಗಡೆ, ಇಂಗ್ಲಿಷಿನ ‘ಐ’ ಎಂಬ ಸಣ್ಣ ಅಕ್ಷರ ಇಂಡಿಯಾದ ಗುರುತಾಗಿ ಇರುತ್ತದೆ. ಆ ಒಂದೇ ವರ್ಷ ಇಲ್ಲಿ ಸಾವರಿನ್ ಮುದ್ರಣವಾದದ್ದು. ಅದೇ ವರ್ಷ ಹೊರಟ ಹದಿನೈದು ರೂಪಾಯಿಯ ಚಿನ್ನದ ನಾಣ್ಯಕ್ಕೂ ಸಾವರಿನ್‌ನ ತೂಕವೇ, ಚಿನ್ನವೂ ಅಷ್ಟೇ. ಇದಕ್ಕೂ ಮೊದಲಿನ ಕಂಪನಿ ಸರ್ಕಾರದ ಮೊಹರು, ೧೮೩೫ರದು, ಒಂದು ಕಡೆ ದೊರೆ ನಾಲ್ಕನೆಯ ವಿಲಿಯಮ್ಮನ ತಲೆ, ಇನ್ನೊಂದು ಕಡೆ ಸಿಂಹ ಮತ್ತು ತಾಳೆಮರ ಉಳ್ಳದ್ದು, ಸರಿಯಾಗಿ ಒಂದು ಹಳೆಯ ತೊಲ, ೧೧.೬೬ ಗ್ರಾಂ, ತೂಗುತ್ತದೆ.

ಮೂರನೆಯದು ನಮ್ಮ ನಾಡಿನ ನಾಣ್ಯಗಳು. ವರಹ, ಹೊನ್ನು, ಹಣ ಎಂಬ ಮಾತುಗಳನ್ನು ನಾವು ದಿನವೂ ಆಡುತ್ತೇವೆ. ‘ಹಣ’ವೆಂಬುದು ಒಂದು ಕಾಲಕ್ಕೆ ಬೇಳೆಯಷ್ಟು ಸಣ್ಣ ಚಿನ್ನದ ನಾಣ್ಯದ ಹೆಸರಾಗಿತ್ತು. ವಿಜಯನಗರಕ್ಕೆ ೧೪೪೩ರಲ್ಲಿ ಬಂದ ಪಾರಸಿ ರಾಯಭಾರಿ ಅಬ್ದುರ್ ರಜಾಕನು ಅಲ್ಲಿಯ ಚಿನ್ನದ ನಾಣ್ಯಗಳು ಮೂರು ಬಗೆಯೆಂದು ಬರೆದಿದ್ದಾನೆ: ವರಹ, ಅದರರ್ಧ ಪ್ರತಾಪ, ಪ್ರತಾಪದ ಹತ್ತನೆಯ ಪಾಲು ಹಣ. ಚಿನ್ನಕ್ಕೆ ಬೇರೆ ಲೋಹ ಬೆರೆಸುತ್ತಿದ್ದರೆಂದೂ ಹೇಳಿದ್ದಾನೆ. ಆದ್ದರಿಂದ ವರಹವನ್ನು ಅಪ್ಪಟವೆಂದು ಭಾವಿಸಬಾರದು. ವರಹ ಸುಮಾರು ೩.೪ ಗ್ರಾಂ, ಪ್ರತಾಪ ೧.೭ ಗ್ರಾಂ.

ಅಚ್ಯುತರಾಯನ ವರಹದಲ್ಲಿ ಗಂಡಭೇರುಂಡವಿದೆ. ಕೊಕ್ಕು ಕಾಲುಗಳಲ್ಲಿ ಆನೆಗಳನ್ನು ಹಿಡಿದಿರುತ್ತದೆ. ಇಂದು ಕರ್ನಾಟಕ ಸರ್ಕಾರದ ಕಾಗದದ ಮೇಲೆ ಕಾಣುವ ಹಕ್ಕಿಯೇ ಅದು. ಕೃಷ್ಣದೇವರಾಯನ ವರಹದಲ್ಲಿ ಕುಳಿತ ದೇವರು. ಬಾಲಕೃಷ್ಣನೆಂದು ಹೇಳುವುದು ರೂಢಿ. ಹಿಂಬದಿಯಲ್ಲಿ ನಾಗರಿ ಲಿಪಿಯಲ್ಲಿ ಮೂರು ಸಾಲು ರಾಜನ ಹೆಸರು. ಶಿವಪಾರ್ವತಿಯರು ಜೊತೆಯಾಗಿ ಕುಳಿತಿದ್ದರೆ ಹಿಂಬದಿಯನ್ನು ನೋಡದೆ ಏನೂ ಹೇಳಲಾಗದು. ಅಲ್ಲಿ ‘ಶ್ರೀ ಸದಾಶಿವ’ ಎಂದಿದ್ದರೆ ಇಕ್ಕೇರಿಯ ವರಹ. ಪಾರಸಿಯ ‘ಹೇ’ ಎಂಬ ಒಂದೇ ಅಕ್ಷರವಿದ್ದರೆ ಹೈದರಾಲಿಯ ಬಹಾದೂರಿ ಹೊನ್ನು. ‘ಶ್ರೀ ಕೃಷ್ಣರಾಜ’ ಎಂದಿದ್ದರೆ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರದು. ಒಂದೇ ಚಿತ್ರ, ಮೂರು ರಾಜ್ಯ! ಜನ ನಂಬಿದ ಚಿತ್ರವನ್ನು ಕೆಡಿಸಿದರೆ ಪೇಟೆಯಲ್ಲಿ ನಾಣ್ಯ ನಡೆಯದೆಂಬುದನ್ನು ಹೈದರನೂ ಅರಿತಿದ್ದ. ಮೈಸೂರಿನ ರಣಧೀರ ಕಂಠೀರವ ನರಸರಾಜ ಒಡೆಯರು, ೧೬೩೮ರಿಂದ ೧೬೫೯ರವರೆಗೆ ಆಳಿದವರು, ನರಸಿಂಹನ ಚಿತ್ರವುಳ್ಳ ಕಂಠೀರಾಯಿ ಹಣವನ್ನು ಹೊರಡಿಸಿದರು. ಇದರ ತೂಕ ಅರ್ಧ ಗ್ರಾಮಿಗೂ ಕಡಮೆ. ಕೈಯಿಂದ ಜಾರಿದರೆ ಹುಡುಕುವುದೇ ಕಷ್ಟ. ಇನ್ನೂ ಹಿಂದಕ್ಕೆ ಹೋದರೆ ಹೊಯ್ಸಳ ವಿಷ್ಣುವರ್ಧನನ ನಾಣ್ಯಗಳಲ್ಲಿ ‘ಶ್ರೀ ತಳಕಾಡುಗೊಂಡ’ ಎಂಬ ಬಿರುದು ಕನ್ನಡ ಅಕ್ಷರಗಳಲ್ಲಿಯೇ ಇದೆ. ಇಂಥದು ಸರದಲ್ಲಿ ಸಿಕ್ಕುವುದು ಬಲು ಅಪರೂಪ. ಸಿಕ್ಕರೆ ಅದನ್ನು ಮೂಸೆಗೆ ಹಾಕುವುದು ಶಾಸನವನ್ನು ಒಡೆದು ಒಲೆಯ ಗುಂಡು ಮಾಡಿಕೊಂಡಂತೆ. ಈ ವಿಷಯದಲ್ಲಿ ಡಾ. ಎ. ವಿ. ನರಸಿಂಹಮೂರ್ತಿಗಳ ‘ದಿ ಕಾಯಿನ್ಸ್ ಆಫ್ ಕರ್ನಾಟಕ’ ಎಂಬ ೧೯೭೫ರ ಇಂಗ್ಲಿಷ್ ಗ್ರಂಥವನ್ನು ಆಸಕ್ತರು ಹುಡುಕಿ ನೋಡಬೇಕು.

ನಾಲ್ಕನೆಯದಾಗಿ ಈ ಸೀಮೆಯ ನಾಣ್ಯ, ಶಿವರಾಯಿ ಹೊನ್ನು. ಶಿವಾಜಿ ಮಹಾರಾಜರು ೧೬೭೪ರಲ್ಲಿ ರಾಯಗಡದಲ್ಲಿ ಪಟ್ಟಾಭಿಷಿಕ್ತರಾದಾಗಿನ ಚಿನ್ನದ ನಾಣ್ಯ. ಒಂದು ಕಡೆ ‘ಶ್ರೀ ರಾಜಾ ಶಿವ’, ಇನ್ನೊಂದು ಕಡೆ ‘ಛತ್ರಪತಿ’ ಎಂದು ನಾಗರಿ ಬರಹ. ನಿಜವಾದವು ಬೆರಳೆಣಿಕೆಯವು, ಖೋಟಾಗಳಿಗೆ ಲೆಕ್ಕವಿಲ್ಲ. ಯಾರಾದರೂ ನಿಮ್ಮ ಬಳಿಗೆ ಬಂದು, ‘ಅಡಿಪಾಯ ತೋಡುವಾಗ ಸಿಕ್ಕಿತು, ಗುಟ್ಟಾಗಿ ಕೊಡುತ್ತೇನೆ’ ಎಂದರೆ, ನಮಸ್ಕಾರ ಹೇಳಿ ಕಳುಹಿಸಿಬಿಡಿ.

ಇನ್ನು ಪರೀಕ್ಷೆ. ಚಿನ್ನವನ್ನು ಕೆಡಿಸದೆ ಮನೆಯಲ್ಲಿಯೇ ಮಾಡಬಹುದಾದ ಒಂದು ಉಪಾಯವಿದೆ. ತಕ್ಕಡಿಯ ಮೇಲೆ ಒಂದು ಲೋಟ ನೀರಿಟ್ಟು ಅಂಕಿಯನ್ನು ಸೊನ್ನೆ ಮಾಡಿ. ನಾಣ್ಯವನ್ನು ಸಣ್ಣ ದಾರದಲ್ಲಿ ಕಟ್ಟಿ, ತಳಕ್ಕೂ ಪಕ್ಕಕ್ಕೂ ತಾಗದಂತೆ ನೀರಿನೊಳಗೆ ಇಳಿಬಿಡಿ. ಆಗ ತೋರುವ ಅಂಕಿಯಿಂದ ನಾಣ್ಯದ ತೂಕವನ್ನು ಭಾಗಿಸಿ. ಪವನು ೭.೯೮ ಗ್ರಾಂ ಇದ್ದು ನೀರಿನ ಅಂಕಿ ೦.೪೫ ಬಂದರೆ ಭಾಗಲಬ್ಧ ೧೭.೭, ಇದು ೨೨ ಕ್ಯಾರೆಟ್ಟಿಗೆ ಸರಿ. ಅಪ್ಪಟ ಚಿನ್ನಕ್ಕೆ ೧೯.೩ ಬರಬೇಕು. ಹಿತ್ತಾಳೆಯಾದರೆ ಎಂಟೂವರೆಯ ಹತ್ತಿರ ನಿಲ್ಲುತ್ತದೆ. ಎರಡು ಎಚ್ಚರಿಕೆಗಳಿವೆ. ನಾಣ್ಯ ಸಣ್ಣದಾದಷ್ಟೂ ಲೆಕ್ಕ ತಪ್ಪುತ್ತದೆ. ಪುತಳಿಗಳನ್ನು ಒಂದೇ ಬಗೆಯವಾಗಿದ್ದರೆ ಐದಾರು ಕೂಡಿಸಿ ತೂಗಬೇಕು. ಟಂಗ್‌ಸ್ಟನ್ ಎಂಬ ಲೋಹದ ಭಾರವೂ ಚಿನ್ನದಷ್ಟೇ ಆದುದರಿಂದ, ಅದನ್ನು ಒಳಗಿಟ್ಟು ಮೋಸ ಮಾಡಿದ್ದರೆ ಈ ಉಪಾಯದಿಂದ ಹೊರಬೀಳದು.

ಆಮೇಲೆ ಹಾಲ್‌ಮಾರ್ಕ್ ಪರೀಕ್ಷಾ ಕೇಂದ್ರಕ್ಕೆ ಹೋಗಬಹುದು. ಅಲ್ಲಿ ಕ್ಷ-ಕಿರಣದ ಯಂತ್ರದಿಂದ ನಾಣ್ಯವನ್ನು ಗೀರದೆ, ಕರಗಿಸದೆ ಚಿನ್ನದ ಪ್ರಮಾಣವನ್ನು ಹೇಳುತ್ತಾರೆ. ಆದರೆ ಈ ಯಂತ್ರ ಮೇಲ್ಮೈಯನ್ನು ಮಾತ್ರ ನೋಡುತ್ತದೆ. ಕೊಂಡಿಯ ಬೆಸುಗೆಯ ಹತ್ತಿರ ಹಿಡಿದರೆ ಅಂಕಿ ಇಳಿಯುತ್ತದೆ, ಏಕೆಂದರೆ ಬೆಸುಗೆಯ ಚಿನ್ನ ಕೀಳು. ನಾಣ್ಯದ ನಡುವೆ, ಎರಡು ಮುಖದಲ್ಲಿಯೂ ಹಿಡಿಯಿರೆಂದು ಕೇಳಿ. ಹಾಲ್‌ಮಾರ್ಕಿನ ನಿಯಮ ೨೦೨೧ರ ಜೂನಿನಿಂದ ಹಂತಹಂತವಾಗಿ ಜಾರಿಗೆ ಬಂದದ್ದು ಅಂಗಡಿಯವರು ಮಾರುವ ಒಡವೆಗಳಿಗಾಗಿ. ಅಜ್ಜಿಯ ಸರದಲ್ಲಿ ಆ ಮುದ್ರೆ ಇಲ್ಲವೆಂದು ಬೆಲೆ ಕಡಿಮೆ ಮಾಡಿದರೆ ಒಪ್ಪಬೇಡಿ. ಪರೀಕ್ಷೆಯ ಚೀಟಿಯನ್ನು ಮುಂದಿಡಿ. ಒಡವೆಯಲ್ಲಿ ಅರಗು ತುಂಬಿದ ಗುಂಡುಗಳಿದ್ದರೆ ನಾಣ್ಯಗಳನ್ನು ಬೇರೆ, ಗುಂಡುಗಳನ್ನು ಬೇರೆ ತೂಗಿಸಿ.

ಬೆಲೆಯ ವಿಚಾರವನ್ನು ಹೇಗೆ ತೀರ್ಮಾನಿಸಬೇಕು? ಹಳೆಯ ನಾಣ್ಯಕ್ಕೆ ಎರಡು ಬೆಲೆಗಳುಂಟು. ಒಂದು ಲೋಹದ ಬೆಲೆ: ಅಪ್ಪಟ ಚಿನ್ನದ ತೂಕವನ್ನು ಆ ದಿನದ ೨೪ ಕ್ಯಾರೆಟ್ ದರದಿಂದ ಗುಣಿಸುವುದು. ಪವನಿಗೆ ೭.೩೨, ಕಂಪನಿಯ ಮೊಹರಿಗೆ ೧೦.೬೯, ನಿಜವಾದ ವೆನಿಸ್ ಪುತಳಿಗೆ ೩.೪೫ ಗ್ರಾಂ, ಇವಿಷ್ಟನ್ನು ದಯವಿಟ್ಟು ಬರೆದಿಟ್ಟುಕೊಳ್ಳಿ. ಇನ್ನೊಂದು ಸಂಗ್ರಾಹಕರ ಬೆಲೆ: ಇದು ಅಪರೂಪ ಮತ್ತು ಸ್ಥಿತಿಯನ್ನು ಅವಲಂಬಿಸಿದೆ. ನಿಜ ಹೇಳಬೇಕೆಂದರೆ, ತೂತು ಬಿದ್ದ, ಕೊಂಡಿ ಬೆಸೆದ, ಉಜ್ಜಿ ಸವೆದ ಸಾಮಾನ್ಯ ಸಾವರಿನ್ ಲೋಹದ ಬೆಲೆಗಿಂತ ಹೆಚ್ಚೇನೂ ತರುವುದಿಲ್ಲ. ‘ನೂರು ವರ್ಷದ್ದು, ಲಕ್ಷಾಂತರ ಬರುತ್ತದೆ’ ಎಂಬ ಮಾತನ್ನು ನಂಬಿ ಕನಸು ಕಾಣುವುದು ಬೇಡ. ಆದರೆ ರಾಜನ ಹೆಸರಿರುವ ವರಹಕ್ಕೆ ಅಥವಾ ವಿರಳವಾದ ಇಸವಿಗೆ ತೂತಿದ್ದರೂ ಹೆಚ್ಚಿನ ಬೆಲೆ ಬರಬಹುದು. ದಕ್ಷಿಣ ಭಾರತದಲ್ಲಿ ದೊರೆತ ಬೈಜಾಂಟಿಯಂ ರಾಜ್ಯದ ಎಷ್ಟೋ ಚಿನ್ನದ ನಾಣ್ಯಗಳಲ್ಲಿ ಚಕ್ರವರ್ತಿಯ ತಲೆಯ ಮೇಲ್ಗಡೆ ಎರಡು ತೂತುಗಳಿವೆ. ಸಾವಿರದ ನಾನೂರು ವರ್ಷಗಳ ಹಿಂದೆಯೂ ನಮ್ಮವರು ನಾಣ್ಯವನ್ನು ಕೊರಳಿಗೆ ಕಟ್ಟುತ್ತಿದ್ದರೆಂಬುದಕ್ಕೆ ಆ ತೂತೇ ಸಾಕ್ಷಿ. ಹಾವೇರಿ ಜಿಲ್ಲೆಯ ಅಕ್ಕಿಆಲೂರಿನಲ್ಲಿ ಅಂಥ ನಾಣ್ಯಗಳ ರಾಶಿಯೇ ಸಿಕ್ಕಿತ್ತು. ಹಾಗಾಗಿ ತೂತಿದೆಯೆಂದು ತಾತ್ಸಾರ ಬೇಡ; ಹೊಸದಾಗಿ ತೂತು ಕೊರೆಯುವುದಂತೂ ಬೇಡವೇ ಬೇಡ. ಹುಣಿಸೆಹಣ್ಣು, ರಂಗೋಲಿಪುಡಿಗಳಿಂದ ತಿಕ್ಕಿ ಹೊಳಪು ಕೊಡುವುದೂ ಬೇಡ. ತಿಕ್ಕಿದಷ್ಟೂ ಅಕ್ಷರ ಅಳಿಯುತ್ತದೆ.

ಬ್ಯಾಂಕಿನಲ್ಲಿ ಸಾಲಕ್ಕೆ ಇಡುವವರಿಗೆ ಒಂದು ಮಾತು. ಅಲ್ಲಿ ಎಣಿಕೆಗೆ ಬರುವುದು ಚಿನ್ನದ ತೂಕ ಮತ್ತು ಶುದ್ಧತೆ ಮಾತ್ರ, ಹಳಮೆಗೆ ಬೆಲೆಯಿಲ್ಲ. ಆದರೂ ಅಡವಿಟ್ಟ ವಸ್ತು ಹಿಂದಕ್ಕೆ ಬರುತ್ತದೆ, ಕರಗಿಸಿದ್ದು ಬರುವುದಿಲ್ಲ. ಹಣದ ಅಗತ್ಯ ಕೆಲವೇ ತಿಂಗಳದ್ದಾದರೆ ಈ ಭೇದವನ್ನು ನೆನಪಿಡಿ.

ಮನೆಯೊಳಗಿನ ನ್ಯಾಯವೂ ಇದರಲ್ಲಿದೆ. ತಾಯಿಯ ಸರವನ್ನು ಹೆಣ್ಣುಮಕ್ಕಳು ಹಂಚಿಕೊಳ್ಳುವಾಗ ಕಾಸುಗಳನ್ನು ಎಣಿಸಿ ಹಂಚುವ ಪದ್ಧತಿ ಇದೆ. ಹನ್ನೆರಡು ಬಿಲ್ಲೆಗಳ ಸರ. ಎರಡು ನಿಜವಾದ ಪವನು, ಹತ್ತು ಒಂದೊಂದು ಗ್ರಾಮಿನ ಅಚ್ಚಿನ ಕಾಸು. ಇಬ್ಬರಿಗೆ ಆರಾರು. ಆದರೆ ಎರಡು ಪವನೂ ಒಂದೇ ಪಾಲಿಗೆ ಬಿದ್ದರೆ ಒಬ್ಬಳಿಗೆ ಸುಮಾರು ೨೦ ಗ್ರಾಂ, ಇನ್ನೊಬ್ಬಳಿಗೆ ೬ ಗ್ರಾಂ. ಇಬ್ಬರಿಗೂ ತಿಳಿಯದೆ ಆದ ಅನ್ಯಾಯ. ತಿಳಿದ ದಿನ ತವರಿನ ಬಾಗಿಲು ಮುಚ್ಚುತ್ತದೆ. ಎಣಿಸಿ ಹಂಚಬೇಡಿ, ತೂಗಿ ಹಂಚಿ.

ಕಾನೂನನ್ನೂ ಸಂಕ್ಷೇಪವಾಗಿ ಹೇಳುತ್ತೇವೆ. ೧೯೬೮ರ ಚಿನ್ನ ನಿಯಂತ್ರಣ ಕಾಯಿದೆ ೧೯೯೦ರಲ್ಲಿಯೇ ರದ್ದಾಗಿದೆ. ಹಿರಿಯರಿಂದ ಬಂದ ನಾಣ್ಯದ ಸರವನ್ನು ಇಟ್ಟುಕೊಳ್ಳಲು ಆ ಕಾಲದ ಭಯ ಈಗ ಬೇಕಿಲ್ಲ. ಆದರೆ ನೆಲದಲ್ಲಿ ಸಿಕ್ಕ ನಿಧಿಯ ಮಾತು ಬೇರೆ. ೧೮೭೮ರ ನಿಧಿ ಕಾಯಿದೆಯ ಪ್ರಕಾರ ಅದನ್ನು ಜಿಲ್ಲಾಧಿಕಾರಿಗಳಿಗೆ ತಿಳಿಸಲೇಬೇಕು. ೧೯೭೨ರ ಪ್ರಾಚ್ಯವಸ್ತು ಕಾಯಿದೆಯಂತೆ ನೂರು ವರ್ಷ ದಾಟಿದ ನಾಣ್ಯ ಪ್ರಾಚ್ಯವಸ್ತು. ಅದನ್ನು ಸ್ವಂತವಾಗಿ ದೇಶದಿಂದ ಹೊರಕ್ಕೆ ಒಯ್ಯುವಂತಿಲ್ಲ. ೧೯೧೮ರ ಮುಂಬಯಿ ಪವನಿಗೂ ನೂರು ತುಂಬಿದೆ. ಕೊಲ್ಲಿ ದೇಶಗಳಲ್ಲಿ ಮಕ್ಕಳಿರುವವರು ಇದನ್ನು ನೆನಪಿಡಬೇಕು.

ಕಣ್ಣಿಗೆ ಅಭ್ಯಾಸವಾಗಬೇಕಾದರೆ ರಜೆಯ ದಿನ ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ ವಸ್ತುಸಂಗ್ರಹಾಲಯಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿ ನಾಣ್ಯಗಳ ವಿಭಾಗವನ್ನು ನೋಡಿ. ನಾವಿರುವ ಕಲ್ಯಾಣವೂ ಸಾಮಾನ್ಯ ಊರಲ್ಲ. ಎರಡು ಸಾವಿರ ವರ್ಷಗಳ ಹಿಂದೆ ಗ್ರೀಕ್ ನಾವಿಕರು ಹೆಸರಿಸಿದ ಬಂದರು ಇದು. ಕನ್ಹೇರಿಯ ಗುಹೆಗಳ ಶಾಸನದಲ್ಲಿ ಕಲ್ಯಾಣದ ಅಕ್ಕಸಾಲಿಯೊಬ್ಬನು ನೀರಿನ ತೊಟ್ಟಿಯನ್ನು ದಾನ ಮಾಡಿದ ಮಾತಿದೆ. ಚಿನ್ನವನ್ನು ಬಲ್ಲವರು ಬಾಳಿದ ಊರಿನಲ್ಲಿ ನಾವು ಅದನ್ನು ಅರಿಯದವರಾಗಿ ಇರಬಾರದು.

ಕೊನೆಯದಾಗಿ ಒಂದು ಸೂಚನೆ. ಸರವಿರುವ ಪ್ರತಿಯೊಂದು ಮನೆಯವರೂ ಈ ವಾರದಲ್ಲಿ ಒಂದು ಸಂಜೆ ಬಿಡುವು ಮಾಡಿಕೊಂಡು, ನಾಣ್ಯಗಳ ಎರಡು ಮುಖದ ಚಿತ್ರ ತೆಗೆದು, ತೂಕ ಮತ್ತು ಅಡ್ಡಗಲವನ್ನು ಒಂದು ಹಾಳೆಯಲ್ಲಿ ಬರೆದಿಡಿ. ಯಾರಿಂದ ಬಂತು, ಯಾವ ಊರಿನಲ್ಲಿ ಮಾಡಿಸಿದರು ಎಂಬುದನ್ನು ಹಿರಿಯರು ಇರುವಾಗಲೇ ಕೇಳಿ ಸೇರಿಸಿ. ಅಂಗಡಿಗೆ ಹೋಗುವ ದಿನ ಬಂದರೆ ಆ ಹಾಳೆಯೂ ಜೊತೆಗಿರಲಿ. ಇನ್ನೊಂದು ಅಂಗಡಿಯಲ್ಲಿ ಕೇಳಿ, ತೂಕ ಮತ್ತು ಶುದ್ಧತೆಯನ್ನು ಬರೆದ ರಸೀತಿ ಪಡೆದುಕೊಳ್ಳಿ. ವಾಚನಾಲಯದಲ್ಲಿ ಒಂದು ಭೂತಗನ್ನಡಿ ಇಟ್ಟಿದ್ದೇವೆ. ಚಿನ್ನವನ್ನು ಮಾತ್ರ ಇಲ್ಲಿಗೆ ತರಬೇಡಿ. ರೈಲಿನ ನೂಕುನುಗ್ಗಲು ನಿಮಗೆ ಗೊತ್ತಿದೆ. ಚಿತ್ರ, ತೂಕಗಳನ್ನು ತಂದರೆ ಸಾಕು. ಕೂಡಿ ನೋಡೋಣ, ತಿಳಿದಷ್ಟು ಹೇಳುತ್ತೇವೆ, ತಿಳಿಯದ್ದನ್ನು ಬಲ್ಲವರಲ್ಲಿ ಕೇಳಿ ಹೇಳುತ್ತೇವೆ.